ಮಾಜಾಳಿ ದಂಡೆಗೆ ಹೋದ ಫಿಯೆಟ್

ಸದಾಶಿವಗಡದ ಕಿಶೋರ ತಾಂಡೇಲನ ಅಂಗಳಕ್ಕೆ ಆ ಕಾರು ಟೆಂಪೋದ ಮೇಲೇರಿ ಬಂತು. ಹೋಳಿ ಮುಗಿದು ಬಿಸಿಲು ಏರತೊಡಗಿದ್ದ ದಿನಗಳು. ಟೆಂಪೋದ ಹಿಂದೆಯೇ ರಿಕ್ಷಾದಲ್ಲಿ ಬಂದಿಳಿದ ಅವನ ಹೆಂಡತಿ ವೈಜಯಂತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಳಿಸುವವರಿಗೆ ಅಲ್ಲಿ ಹಿಡಿಯಿರಿ, ಇಲ್ಲಿ ತಡೆಯಿರಿ ಎಂದು ಹೇಳುತ್ತಿದ್ದಳು. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಕಿಶೋರ ಎದ್ದು ಹೋಗಲಿಲ್ಲ. ಹಲಗೆಗಳ ಮೇಲಿಂದ ಕಾರು ಜಾರುವಾಗ ಅದರ ಹೊಟ್ಟೆಯಿಂದ ತುಕ್ಕಿನ ಪುಡಿ ಉದುರಿ ಅಂಗಳದ ಮೇಲೆ ಕೆಂಪಗೆ ಹರಡಿತು. ಅದನ್ನಷ್ಟೇ ನೋಡಿದ.

ಅದು ಹಳೆಯ ಫಿಯೆಟ್. ಪ್ರೀಮಿಯರ್ ಪದ್ಮಿನಿ ಎಂದು ಅದರ ಬೆನ್ನಮೇಲೆ ಬರೆದಿದ್ದರೂ ಬೇಲೆಕೇರಿಯ ಕಡೆಯವರಿಗೆ ಅದು ಯಾವಾಗಲೂ ದೇವಿದಾಸನ ಫಿಯೆಟ್. ದೇವಿದಾಸ ವೈಜಯಂತಿಯ ಅಪ್ಪ. ಬೇಲೆಕೇರಿ ಬಂದರಿನಲ್ಲಿ ಅದಿರು ತುಂಬಿಸಿಕೊಳ್ಳಲು ಹಡಗುಗಳು ನಿಲ್ಲುತ್ತಿದ್ದ ಕಾಲದಲ್ಲಿ ಏಜೆಂಟರನ್ನು ಕೂರಿಸಿಕೊಂಡು ಕಾರವಾರ, ಗೋವಾ ಎಂದು ತಿರುಗಿದ ಬಾಡಿಗೆ ಕಾರು ಅದು. ದಿನ ತುಂಬಿದ ಬಸುರಿಯರನ್ನು ಅಂಕೋಲೆಯ ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ, ವೈಜಯಂತಿ ಮದುವೆಯಾಗಿ ಕಾಳಿ ನದಿ ದಾಟಿ ಸದಾಶಿವಗಡಕ್ಕೆ ಬಂದಿಳಿದದ್ದೂ ಅದರಲ್ಲೇ. ದೇವಿದಾಸ ತೀರಿಕೊಂಡ ಮೇಲೆ ತೆಂಗಿನ ಗರಿಯ ಮಾಡಿನಡಿ ಕಡಲಿಗೆ ಮುಖಮಾಡಿ ನಿಂತೇ ಇತ್ತು. ಉಪ್ಪುಗಾಳಿ ವರ್ಷವರ್ಷವೂ ಅದನ್ನು ಒಂದಿಷ್ಟು ತಿಂದಿತ್ತು. ಈಗ ವೈಜಯಂತಿಯ ತಮ್ಮ ತುಳಸಿದಾಸನಿಗೆ ಆ ಜಾಗದಲ್ಲಿ ಒಂದು ಖೋಲಿ ಎಬ್ಬಿಸಬೇಕಿತ್ತು. ಅವನು ಫೋನ್ ಮಾಡಿದಾಗ ವೈಜಯಂತಿ ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ಮಾರುತ್ತ ಕೂತಿದ್ದಳು.

"ಅಕ್ಕಾ, ಗುಜರಿಯವ ಬಂದಿದ್ದಾನೆ. ಬಾಬಾನ ಕಾರು ಕೊಟ್ಟುಬಿಡ್ಲಾ?"

"ಬೇಡ. ನಾ ಒಯ್ತೆ."

"ಒಯ್ದು ಎಂತ ಮಾಡ್ತಿ?"

"ಅದ್ನ ನಾ ನೋಡ್ಕಂತೆ. ನೀ ಟೆಂಪೋಕ್ಕೆ ಹೇಳು."

ಆ ಸಂಜೆ ಕಿಶೋರ ಕೇಳಿದ ಮಾತು ಒಂದೇ. "ಎಂತಕ್ಕೆ ತಂದೆ ಇದ್ನ? ಓಡೂದಿಲ್ಲ ಅದು."

"ಓಡ್ಲಿ ಅಂತ ತರಲಿಲ್ಲ," ಎಂದಳು ವೈಜಯಂತಿ, ಅನ್ನದ ಗಂಜಿ ಬಸಿಯುತ್ತ. "ಗುಜರಿಗೆ ಹಾಕೂಕೆ ಮನಸ್ಸು ಬರಲಿಲ್ಲ. ಅಂಗಳದಲ್ಲಿ ಬಿದ್ದಿರ್ಲಿ."

ಅವಳ ಮನಸ್ಸಿನಲ್ಲಿ ಬೇರೆ ಏನಾದರೂ ಇತ್ತೋ ಎಂದು ಅವನು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಹಾಗೆ ಕೂತು ದಿನ ಕಳೆಯುವ ಗಂಡಸಲ್ಲ ಕಿಶೋರ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕಾಳಿಯ ಅಳಿವೆಯಲ್ಲಿ ದೋಣಿ ಹಾಕಿ ಬಲೆ ಬಿಟ್ಟವನು, ಮೀಸೆ ಮೂಡುವ ಹೊತ್ತಿಗೆ ಬೈತಖೋಲ ಬಂದರಿನ ಬೋಟುಗಳಿಗೆ ಆಳಾಗಿ ಸೇರಿದ್ದ. ಇಂಜಿನ್ ಕೆಮ್ಮಿದರೆ ಎಲ್ಲರೂ ಅವನ ಕಡೆ ನೋಡುತ್ತಿದ್ದರು. ಯಾರೂ ಕಲಿಸಿದ್ದಲ್ಲ. ಬಿಚ್ಚುತ್ತ, ಕಟ್ಟುತ್ತ, ಕೈ ಸುಟ್ಟುಕೊಳ್ಳುತ್ತ ಬಂದದ್ದು. ಮುಂದೆ ತಾಂಡೇಲನಾದ, ಅಂದರೆ ಬೋಟಿನ ಚುಕ್ಕಾಣಿ ಹಿಡಿದು ಆಳುಗಳನ್ನು ನಡೆಸುವವನು. ಮನೆತನದ ಅಡ್ಡಹೆಸರು ಅದೇ, ಕೆಲಸವೂ ಅದೇ ಆಯಿತು ಎಂದು ಅವನ ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಕಿಶೋರನ ಬೋಟಿಗೆ ಹೋಗಲು ಹುಡುಗರು ಇಷ್ಟಪಡುತ್ತಿದ್ದರು. ಅವನು ಬಯ್ಯುತ್ತಿದ್ದದ್ದು ಕಡಿಮೆ, ಮತ್ತು ಕಷ್ಟದ ಕೆಲಸಕ್ಕೆ ತಾನೇ ಮೊದಲು ಇಳಿಯುತ್ತಿದ್ದ.

ಬಲೆಯ ಹಗ್ಗ ಬೋಟಿನ ಅಡಿಯ ಪಂಖಕ್ಕೆ ಸುತ್ತಿಕೊಳ್ಳುವುದು ಕಡಲಿನಲ್ಲಿ ಹೊಸದೇನಲ್ಲ. ಇಂಜಿನ್ ನಿಲ್ಲಿಸಿ, ಒಬ್ಬ ಚೂರಿ ಹಿಡಿದು ನೀರಿಗಿಳಿದು, ಉಸಿರು ಕಟ್ಟಿ ಹಗ್ಗ ಕೊಯ್ದು ಬಿಡಿಸಬೇಕು. ಕಿಶೋರನ ಬೋಟಿನಲ್ಲಿ ಅದು ಕಿಶೋರನದೇ ಕೆಲಸ. ಕಾರು ಬರುವುದಕ್ಕೆ ಹಿಂದಿನ ಚೌತಿ ಕಳೆದ ಮೇಲೆ, ದೇವಗಡ ದ್ವೀಪದ ಆಚೆ, ಮೋಡ ಕವಿದಿದ್ದ ಒಂದು ಬೆಳಿಗ್ಗೆ ಹಗ್ಗ ಸುತ್ತಿಕೊಂಡಿತು. ಆ ವಾರವಿಡೀ ಕಿಶೋರನ ಕಿವಿ ಸೋರುತ್ತಿತ್ತು. ಆದರೂ ಅಂಗಿ ಬಿಚ್ಚತೊಡಗಿದ್ದ. ಸತೀಶ ಎಂಬ ಹುಡುಗ ಅವನ ಕೈಯಿಂದ ಚೂರಿ ತೆಗೆದುಕೊಂಡ.

"ದಾದಾ, ನಿಮ್ಮ ಕಿವಿ ಸರಿ ಇಲ್ಲ. ನಾ ಇಳೀತೆ."

ಕಿಶೋರ ಹೂಂ ಎಂದ.

ಸತೀಶ ಎರಡು ಸಲ ಮೇಲೆ ಬಂದು ಉಸಿರು ತೆಗೆದುಕೊಂಡು ಹೋದ. ಅಷ್ಟರಲ್ಲಿ ಒಂದು ದೊಡ್ಡ ತೆರೆ ಬೋಟಿನ ಹಿಂಭಾಗವನ್ನು ಎತ್ತಿ ಒಗೆಯಿತು. ಆಮೇಲೆ ಅವನು ಮೇಲೆ ಬರಲಿಲ್ಲ. ಕಿಶೋರ ಹಾರಿದ, ಮತ್ತಿಬ್ಬರು ಹಾರಿದರು, ಸುತ್ತಲಿನ ಬೋಟುಗಳು ಬಂದವು. ಮರುದಿನ ಸಂಜೆ ಹುಡುಗ ಮಾಜಾಳಿಯ ದಂಡೆಗೆ ಬಂದು ಬಿದ್ದ. ಅವನ ಗುರುತು ಹೇಳಲು ಹೋದವನು ಕಿಶೋರನೇ.

ಸತೀಶನ ತಾಯಿ ಬೊಮ್ಮು ಅದೇ ಓಣಿಯವಳು. ಗಂಡ ಮೊದಲೇ ತೀರಿಹೋಗಿದ್ದ. ಮಗಳು ಸಂಧ್ಯಾಳನ್ನು ಅಂಕೋಲೆಗೆ ಮದುವೆ ಮಾಡಿ ಕೊಟ್ಟಾಗಿತ್ತು. ಬಲೆ ದುರಸ್ತಿ ಮಾಡುತ್ತ, ಊರವರ ರವಿಕೆ, ಹಾಸಿಗೆಯ ಗವಸು ಹೊಲಿಯುತ್ತ ಮಗನೊಂದಿಗೆ ಬಾಳುತ್ತಿದ್ದ ಹೆಂಗಸು. ಹುಡುಗ ಸತ್ತದ್ದು ಕಿಶೋರನ ತಪ್ಪಿನಿಂದ ಎಂದು ಯಾರೂ ಹೇಳಲಿಲ್ಲ. ಬಂದರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಇದು ಯಾರಿಗೂ ಆಗಬಹುದಾಗಿದ್ದದ್ದು. ಬೋಟಿನ ಯಜಮಾನ ಬಂದು ಬಾ ಎಂದ. ಕಿಶೋರ ಹೋಗಲಿಲ್ಲ. ಬೇರೆ ಬೋಟಿನವರು ಇಂಜಿನ್ ನೋಡಲು ಕರೆದರು, ಅದಕ್ಕೂ ಹೋಗಲಿಲ್ಲ. ಪೇಟೆಗೆ ಹೋಗುವ ದಾರಿ ಬೊಮ್ಮುವಿನ ಬಾಗಿಲ ಮುಂದೆಯೇ ಹಾದು ಹೋಗುತ್ತಿತ್ತು. ಅವನು ಮನೆಯ ಹಿಂದಿನಿಂದ ಇಳಿದು, ದಂಡೆಯ ಮೇಲೆ ಸುತ್ತು ಹಾಕಿ, ಒಣಮೀನಿನ ಚಪ್ಪರಗಳ ನಡುವೆ ನುಸುಳಿ ರಸ್ತೆ ಸೇರುತ್ತಿದ್ದ. ಕ್ರಮೇಣ ಅದನ್ನೂ ಬಿಟ್ಟ. ವೈಜಯಂತಿ ಬೆಳಕು ಹರಿಯುವಾಗ ಹರಾಜಿಗೆ ಹೋಗಿ ಮಧ್ಯಾಹ್ನ ಮಾರ್ಕೆಟ್ಟಿನಿಂದ ಮರಳಿದಾಗ ಅವನು ಅದೇ ಕಂಬಕ್ಕೆ ಒರಗಿರುತ್ತಿದ್ದ. ಮದುವೆಯಾಗಿ ಮಡಗಾಂವಿನಲ್ಲಿದ್ದ ಮಗಳು ಮಾನಸಾ ವಿಡಿಯೋ ಫೋನ್ ಮಾಡಿದರೆ, ಹೂಂ, ಆರಾಮ ಎಂದು ಹೇಳಿ ಫೋನನ್ನು ಹೆಂಡತಿಯ ಕೈಗೆ ಕೊಡುತ್ತಿದ್ದ.

ಕಾರು ಬಂದ ಮೇಲೂ ಅವನ ಕೂರುವಿಕೆ ಬದಲಾಗಲಿಲ್ಲ. ಕೋಳಿಗಳು ಅದರಡಿ ನೆರಳು ಹುಡುಕಿಕೊಂಡವು. ಅವನು ಕದಲಿದ್ದು ಮೊದಲ ಮಳೆಯ ದಿನ. ಮೇ ತಿಂಗಳ ಕೊನೆ, ಮಧ್ಯಾಹ್ನ ಗುಡುಗಿ ಒಮ್ಮೆಲೇ ಸುರಿಯಿತು. ವೈಜಯಂತಿ ಮನೆಯಲ್ಲಿರಲಿಲ್ಲ. ಕಿಶೋರ ಎಷ್ಟೋ ಹೊತ್ತು ನೋಡುತ್ತ ಕೂತ. ಮಳೆ ಕಾರಿನ ಮಾಡಿನ ಮೇಲೆ ಬಿದ್ದು, ಒಡೆದ ಕಿಟಕಿಯಿಂದ ಒಳಗೆ ಹೊಕ್ಕು, ನೆಲ ತೂತಾದಲ್ಲೆಲ್ಲ ಸುರಿದು ಕೆಂಪಾಗಿ ಅಂಗಳಕ್ಕೆ ಹರಿಯುತ್ತಿತ್ತು. ಒಳಗೆ ನೀರು ನುಗ್ಗಿದ್ದನ್ನು ಕಂಡೂ ಕೈಕಟ್ಟಿ ಕೂರುವುದು ಬೋಟಿನವನ ಕೈಲಾಗದ ಕೆಲಸ. ಅವನು ಎದ್ದು, ಒಳಗಿಂದ ತಾಡಪಾಲು ಎಳೆದು ತಂದು, ನೆನೆಯುತ್ತಲೇ ಕಾರಿನ ಮೇಲೆ ಹೊದಿಸಿ, ನಾಲ್ಕೂ ಮೂಲೆಗೆ ಹಗ್ಗ ಬಿಗಿದ. ಹಾಗೇ ನಿಂತವನು ಬಾನೆಟ್ ಎತ್ತಿ ನೋಡಿದ.

ಇಂಜಿನ್ ಕಚ್ಚಿಕೊಂಡಿತ್ತು. ಫ್ಯಾನ್ ಹಿಡಿದು ತಿರುಗಿಸಲು ನೋಡಿದರೆ ಕಲ್ಲಿನ ಹಾಗೆ ನಿಂತಿತ್ತು. ಮರುದಿನ ಅವನು ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಂದ ಒಳಕ್ಕೆ ಡೀಸೆಲ್ ಸುರಿದು ಬಿಟ್ಟ. ತುಕ್ಕು ಹಿಡಿದ ಇಂಜಿನ್ನಿಗೆ ಬಲ ಹಾಕಬಾರದು, ಮುರಿಯುತ್ತದೆ. ನೆನೆಯಲು ಬಿಡಬೇಕು. ದಿನವೂ ಬೆಳಿಗ್ಗೆ ಪಾನಾ ಹಾಕಿ ಒಂದು ಚೂರು ಅತ್ತ, ಒಂದು ಚೂರು ಇತ್ತ ಒತ್ತಿ ನೋಡುತ್ತಿದ್ದ. ಏನೂ ಆಗುತ್ತಿರಲಿಲ್ಲ. ಮತ್ತೆ ಡೀಸೆಲ್ ಸುರಿದು ಮುಚ್ಚಿಡುತ್ತಿದ್ದ. ವೈಜಯಂತಿ ಇದನ್ನು ನೋಡಿಯೂ ನೋಡದ ಹಾಗೆ ಹರಾಜಿಗೆ ಹೋಗುತ್ತಿದ್ದಳು. ಮುಂಗಾರು ಮಳೆ ಹಿಡಿದು ಕಡಲು ಮುಚ್ಚಿ, ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಬಿದ್ದಿದ್ದ ಒಂದು ಬೆಳಿಗ್ಗೆ ಪಾನಾ ಅವನ ಕೈಯಡಿ ಸರಿಯಿತು. ಸ್ವಲ್ಪವೇ. ಅವನು ಕೈ ತೆಗೆದು ಮತ್ತೆ ಇಟ್ಟ. ಮತ್ತೆ ಸರಿಯಿತು. ಒಳಗೆ ಬಂದು ಒಲೆಯ ಮುಂದಿದ್ದ ಹೆಂಡತಿಗೆ, "ತಿರುಗ್ತು," ಎಂದ.

"ಎಂತದು?"

"ನಿನ್ನ ಬಾಬಾನ ಇಂಜಿನ್ನು."

ವೈಜಯಂತಿ ಒಲೆಯ ಕಡೆಗೇ ತಿರುಗಿ ನಿಂತಳು. ಎಷ್ಟೋ ತಿಂಗಳ ಮೇಲೆ ಅವನು ತಾನಾಗಿ ಬಂದು ಆಡಿದ ಮೊದಲ ಮಾತು ಅದು. ಕಣ್ಣು ಒರೆಸಿಕೊಂಡು, "ಚಾ ಕುಡೀರಿ," ಎಂದಳು.

ಇಂಜಿನ್ ಅವನಿಗೆ ಗೊತ್ತಿತ್ತು, ತಗಡಿನ ಕೆಲಸ ಗೊತ್ತಿರಲಿಲ್ಲ. ಅದಕ್ಕೆ ಕದ್ವಾಡದ ಹರೀಶನಿಗೆ ಹೇಳಿ ಕಳಿಸಿದ. ಹರೀಶ ಕಾರವಾರದಲ್ಲಿ ಟಿಂಕರಿಂಗ್ ಮಾಡುವವನು. ಭಾನುವಾರಗಳಂದು ಗ್ಯಾಸ್ ವೆಲ್ಡಿಂಗಿನ ಸಿಲಿಂಡರುಗಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಬರತೊಡಗಿದ. ಮಾತಿನ ಮನುಷ್ಯ. ಮೊದಲ ದಿನ ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲಿನ ಅಡಿಗೆ ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು.

"ಕಿಶೋರ, ಇಲ್ಲಿ ಕಾರು ಇಲ್ಲ ಮಾರಾಯ. ಬಣ್ಣ ಮಾತ್ರ ನಿಂತದೆ."

"ಆಗೂದಿಲ್ವಾ?"

"ಆಗ್ತದೆ. ಮಾಡಿದ್ದೆಲ್ಲ ಹೊಸತು ಆಗ್ತದೆ, ಅಷ್ಟೇ."

ಎಣ್ಣೆ ಡ್ರಮ್ಮುಗಳ ತಗಡನ್ನು ಕತ್ತರಿಸಿ ನೆಲಕ್ಕೆ ಕೂರಿಸಿದರು. ಕೊಳೆತ ಭಾಗ ಕತ್ತರಿಸಿ ತೆಗೆಯುವುದು, ಎಲ್ಲಿ ಗಟ್ಟಿ ಲೋಹ ಸಿಗುತ್ತದೋ ಅಲ್ಲಿಯವರೆಗೆ ಹೋಗುವುದು, ಅಲ್ಲಿಂದ ಹೊಸ ತಗಡು ಬೆಸೆಯುವುದು. ತುಕ್ಕು ಕೆರೆಯುವ ಕೆಲಸ ಕಿಶೋರನದು. ತಂತಿಯ ಬ್ರಷ್, ಎಮರಿ ಕಾಗದ, ಮತ್ತೆ ಬ್ರಷ್. ಸಂಜೆಗೆ ಅವನ ಕೈ, ಹುಬ್ಬು, ಬೆವರು ಎಲ್ಲ ಕೆಂಪಾಗಿರುತ್ತಿತ್ತು. ಕೆರೆದಷ್ಟು ಭಾಗಕ್ಕೆ ಅಂದೇ ರೆಡ್ ಆಕ್ಸೈಡ್ ಹಚ್ಚದಿದ್ದರೆ ಮರುದಿನ ಬೆಳಿಗ್ಗೆಗೆ ಮತ್ತೆ ತುಕ್ಕು ಮೂಡಿರುತ್ತಿತ್ತು. ಕಡಲು ಅಷ್ಟು ಹತ್ತಿರ. ಸಿಗದ ಸಾಮಾನುಗಳನ್ನು ಮಡಗಾಂವಿನ ಅಳಿಯ ಹಳೆಯ ಟ್ಯಾಕ್ಸಿಯವರ ಹತ್ತಿರ ಕೇಳಿ ಕೇಳಿ ಕಳಿಸಿದ. ಬ್ರೇಕಿನ ಸಿಲಿಂಡರುಗಳು, ದೀಪದ ಗಾಜು, ಒಂದು ಬಾಗಿಲಿನ ಹಿಡಿ ಹಾಗೆ ಬಂದವು.

ಕಾರಿನಡಿ ಮಲಗುವ ಕೆಲಸವನ್ನು ಮಾತ್ರ ಕಿಶೋರ ಹರೀಶನಿಗೇ ಬಿಡುತ್ತಿದ್ದ. ಹರೀಶ ಬಾರದ ಒಂದು ದಿನ, ಹಿಂದಿನ ಚಕ್ರದ ಬ್ರೇಕ್ ಪೈಪು ಕೂರಿಸಬೇಕೆಂದು ತಾನೇ ಬೆನ್ನಮೇಲೆ ಜಾರಿ ಒಳಗೆ ಹೋದ. ತಲೆಯ ಮೇಲೆ ಕತ್ತಲು, ಇಂಜಿನ್ನಿನಿಂದ ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟು, ಅದಕ್ಕೆ ಯಾವಾಗಲೋ ಸುತ್ತಿಕೊಂಡ ಸಣಬಿನ ದಾರ. ಉಸಿರು ಹೊರಬರಲೊಲ್ಲದು. ಹೇಗೆ ಹೊರಗೆ ಬಂದನೋ ಗೊತ್ತಿಲ್ಲ. ಬಾವಿಕಟ್ಟೆಯ ಹತ್ತಿರ ಹೋಗಿ ಬಗ್ಗಿ ನಿಂತು ವಾಂತಿ ಮಾಡಿದ. ಮಾರ್ಕೆಟ್ಟಿನಿಂದ ಬಂದ ವೈಜಯಂತಿ ಬುಟ್ಟಿ ಕೆಳಗಿಟ್ಟು ಓಡಿ ಬಂದಳು.

"ಎಂತಾಯ್ತು?"

"ಅವ ಇಲ್ಲೇ ಇದ್ದ," ಎಂದ ಕಿಶೋರ. "ಹೀಗೇ ಕತ್ತಲೆಲಿ. ನಾ ಮೇಲೆ ನಿಂತಿದ್ದೆ."

ವೈಜಯಂತಿ ನೀರು ಸೇದಿ ಅವನ ಮುಖಕ್ಕೆ, ಕತ್ತಿಗೆ ಹಾಕಿದಳು. ಅಂದು ಅವನು ಕೆಲಸ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಭಾನುವಾರ ಹರೀಶ ಬಂದು ಅಂಗಿ ತೆಗೆದಿಟ್ಟು ಬಗ್ಗುವಷ್ಟರಲ್ಲಿ, "ತಡಿ, ನಾ ಹೋಗ್ತೆ," ಎಂದು ಕಿಶೋರನೇ ಒಳಗೆ ಜಾರಿದ. ಹರೀಶನಿಗೆ ಎಲ್ಲ ಗೊತ್ತಿತ್ತು. ಅವನು ಪಕ್ಕದಲ್ಲಿ ನೆಲದ ಮೇಲೆ ಕೂತು, ಯಾವುದೋ ಗಿರಾಕಿಯ ಕಥೆಯನ್ನು ಎಡೆಬಿಡದೆ ಹೇಳುತ್ತ ಹೋದ. ಕಿಶೋರ ಕೆಳಗಿನಿಂದ ಹೂಂ, ಹೂಂ ಎನ್ನುತ್ತ ಆ ದಾರವನ್ನು ಬಿಡಿಸಿ ಹೊರಗೆ ಎಸೆದು, ಪೈಪು ಕೂರಿಸಿ ಹೊರಬಂದ. ಅವನ ಬೆನ್ನು ಒದ್ದೆಯಾಗಿತ್ತು.

ಉಳಿದದ್ದು ಸೀಟು. ಮುಂದಿನದು ಬೆಂಚಿನಂತೆ ಉದ್ದಕ್ಕೆ ಒಂದೇ, ಹಿಂದಿನದೂ ಹಾಗೆಯೇ. ಎರಡರ ನಾರನ್ನೂ ಇಲಿಗಳು ತಿಂದಿದ್ದವು. ಕಾರವಾರದಲ್ಲಿ ಸೀಟು ಹೊಲಿಯುವವರಿದ್ದರು. ಆದರೆ ವೈಜಯಂತಿ ಯಾರನ್ನೂ ಕೇಳದೆ ಬೊಮ್ಮುವಿನ ಬಾಗಿಲಿಗೆ ಹೋದಳು. ಅಲ್ಲಿ ಆದ ಮಾತನ್ನು ಆಮೇಲೆ ಗಂಡನಿಗೆ ಹೇಳಿದಳು.

"ಮಾವಶಿ, ಸೀಟಿಗೆ ರೆಕ್ಸಿನ್ ಹೊಲ್ದು ಕೊಡ್ತ್ರಾ?" ಎಂದು ವೈಜಯಂತಿ ಕೇಳಿದ್ದಳು. ಬೊಮ್ಮು ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತದೆ ಕೇಳಿದ್ದಳಂತೆ, "ಅವ ಕಳ್ಸಿದ್ನಾ?"

"ಇಲ್ಲ. ನಾನೇ ಬಂದೆ."

"ನಾ ನಿಮ್ಮನೆಗೆ ಬರೂದಿಲ್ಲ. ಸೀಟು ಇಲ್ಲಿಗೆ ತಂದು ಹಾಕು."

ಇದನ್ನು ಕೇಳಿ ಕಿಶೋರನಿಗೆ ಸಿಟ್ಟು ಬಂತು. "ಅವ್ಳ ಹತ್ರ ಯಾಕೆ ಹೋದೆ ನೀ? ಅವ್ಳಿಗೆ ಎಂತ ಅನಿಸ್ಬೇಕು?"

"ಎಂತ ಅನಿಸ್ತೋ ನಂಗೆ ಗೊತ್ತಿಲ್ಲ," ಎಂದಳು ವೈಜಯಂತಿ. "ಹೊಲೀತೆ ಅಂದ್ಲು. ನಂಗೆ ಗೊತ್ತಿದ್ದು ಅಷ್ಟೇ."

ಸೀಟುಗಳನ್ನು ಹರೀಶ ಹೊತ್ತು ಹಾಕಿ ಬಂದ. ಬೊಮ್ಮು ನವರಾತ್ರಿ ಕಳೆಯುವವರೆಗೂ ಇಟ್ಟುಕೊಂಡಳು. ಮಿಷನ್ನಿಗೆ ಒಗ್ಗದ ದಪ್ಪ ಅಂಚುಗಳನ್ನು ಬಲೆಯ ದಾರದಲ್ಲಿ ಕೈಯಿಂದಲೇ ಹೊಲಿದಿದ್ದಳು. ಸೀಟುಗಳು ಮರಳಿ ಬಂದಾಗ ಕಿಶೋರ ಅವುಗಳ ಮುಂದೆ ಕೂತು ಹೊಲಿಗೆಯ ಮೇಲೆ ಬೆರಳಾಡಿಸಿದ. ಒಂದೇ ಅಳತೆಯ, ಬಿಗಿಯಾದ, ಉದ್ದದ ಸಾಲು. ಬಲೆಯ ಗಂಟು ಹಾಕಿ ಹಾಕಿ ಪಳಗಿದ ಕೈ.

ದೀಪಾವಳಿಯ ಹೊತ್ತಿಗೆ ಬಣ್ಣವಾಯಿತು. ಹರೀಶನಿಗೆ ಕೆಂಪು ಹೊಡೆಯುವ ಆಸೆಯಿತ್ತು. ವೈಜಯಂತಿ ಕೇಳಲಿಲ್ಲ, ಅಪ್ಪನ ಕಾರು ಹಾಲುಬಿಳಿ, ಹಾಲುಬಿಳಿಯೇ ಆಗಬೇಕು ಎಂದಳು. ಇಂಜಿನ್ ಮೊದಲ ದಿನ ಕೆಮ್ಮಿ, ಹೊಗೆ ಕಾರಿ ನಿಂತಿತು. ಕಾರ್ಬೊರೇಟರ್ ಮತ್ತೆ ಬಿಚ್ಚಿ ತೊಳೆದ ಮೇಲೆ ಹಿಡಿದುಕೊಂಡಿತು. ಕಾರವಾರದ ಆರ್‌ಟಿಓ ಕಚೇರಿಗೆ ಒಯ್ದು ತಪಾಸಣೆ ಮಾಡಿಸಿ ತಂದರು. ಕಾಳಿಯ ಹಳೆಯ ಸೇತುವೆ ಆ ಮಳೆಗಾಲದಲ್ಲಿ ಬಿದ್ದುಹೋಗಿ, ಎರಡೂ ದಿಕ್ಕಿನ ಗಾಡಿಗಳು ಹೊಸದರ ಮೇಲೆಯೇ ಓಡುತ್ತಿದ್ದವು. ಆ ಸಂದಣಿಯಲ್ಲಿ ಸ್ಟಿಯರಿಂಗಿನ ಪಕ್ಕದ ಗೇರು ಎಳೆಯುತ್ತ, ಕಿಶೋರ ಬೆವರುತ್ತ ನದಿ ದಾಟಿದ. ಪಕ್ಕದಲ್ಲಿ ಕೂತ ವೈಜಯಂತಿ ನೀರಿನ ಕಡೆ ನೋಡಲಿಲ್ಲ, ಅವನ ಕಡೆಯೂ ನೋಡಲಿಲ್ಲ. ರಸ್ತೆಯನ್ನೇ ನೋಡುತ್ತ ಕೂತಿದ್ದಳು.

ಆಮೇಲೆ ಸ್ವಲ್ಪ ದಿನಕ್ಕೆ, ಬಿಸಿಲು ಹಿತವಾಗಿದ್ದ ಒಂದು ಮುಂಜಾನೆ, ಕಿಶೋರ ಕಾರಿನ ಗಾಜು ಒರೆಸುತ್ತಿದ್ದಾಗ ಗೇಟಿನ ಹತ್ತಿರ ಯಾರೋ ನಿಂತದ್ದು ಕಂಡಿತು. ಬೊಮ್ಮು. ತೊಳೆದ ಸೀರೆ ಉಟ್ಟಿದ್ದಳು. ಕೈಯಲ್ಲಿ ಒಂದು ಚೀಲ. ಅವನು ಬಟ್ಟೆ ಹಿಡಿದುಕೊಂಡು ಹಾಗೇ ನಿಂತ.

"ಮಾಜಾಳಿ ತನಕ ಹೋಗ್ತದಾ ಇದು?"

ಅವನು ಬಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟ. "ಹೋಗ್ತದೆ ಮಾವಶಿ."

"ಅವ ಬಿದ್ದಿದ್ದ ಜಾಗ ನಾ ನೋಡಲಿಲ್ಲ. ಅಂದು ಯಾರೂ ನನ್ನ ಬಿಡಲಿಲ್ಲ. ನೀ ನೋಡಿದ್ದೆ. ಕರ್ಕೊಂಡು ಹೋಗು."

ವೈಜಯಂತಿ ಬಾಗಿಲಿಗೆ ಬಂದಿದ್ದಳು. ತಾನೂ ಬರಲೇ ಎಂದು ಕೇಳುವಷ್ಟರಲ್ಲಿ ಬೊಮ್ಮು, "ನೀ ಇರು ಮಗಾ," ಎಂದು ಮೆಲ್ಲಗೆ ಹೇಳಿ, ಹಿಂದೆ ಕೂರದೆ ಮುಂದಿನ ಬಾಗಿಲು ತೆಗೆದು ಒಳಗೆ ಕೂತಳು.

ಮಾಜಾಳಿ ದೂರವಲ್ಲ. ಗೋವಾಕ್ಕೆ ಹೋಗುವ ಹೆದ್ದಾರಿಯಲ್ಲಿ ಸ್ವಲ್ಪ ಸಾಗಿ ಎಡಕ್ಕೆ ಕಡಲ ಕಡೆ ಇಳಿಯಬೇಕು. ಗಾಳಿಮರಗಳ ಸಾಲಿನಲ್ಲಿ ಕಾರು ನಿಲ್ಲಿಸಿ ಕಿಶೋರ ಮುಂದೆ ನಡೆದ, ಬೊಮ್ಮು ಹಿಂದೆ. ದಂಡೆಯಲ್ಲಿ ಎಳೆದಿಟ್ಟ ದೋಣಿಗಳು, ಬಲೆ ಬಿಡಿಸುತ್ತಿದ್ದ ಕೆಲವರು. ಅವನು ಗುರುತಿಟ್ಟುಕೊಂಡಿದ್ದ ಒಂದು ಬಂಡೆಯಿಂದ ಆಚೆ ಹೋಗಿ ನಿಂತ. ಅಲ್ಲಿ ಏನೂ ಇರಲಿಲ್ಲ. ಒಂದು ಮಳೆಗಾಲ ಮರಳನ್ನು ಹೊತ್ತು ಒಯ್ದು, ಮತ್ತೆ ತಂದು ಹಾಕಿತ್ತು.

"ಇಲ್ಲಿ," ಎಂದ.

ಬೊಮ್ಮು ನೋಡಿದಳು. "ಮುಖ ಯಾವ ಬದಿಗಿತ್ತು?"

"ಗುಡ್ಡದ ಬದಿಗೆ. ಮಗ್ಗುಲಾಗಿ ಮಲಗಿದ್ದ."

"ಪೆಟ್ಟು?"

ಕಿಶೋರ ತನ್ನ ತಲೆಯ ಹಿಂಭಾಗ ಮುಟ್ಟಿ ತೋರಿಸಿದ. "ಇಲ್ಲಿ. ಬೋಟು ತಾಗಿದ್ದು. ಮುಖಕ್ಕೆ ಎಂತದೂ ಆಗಿರಲಿಲ್ಲ."

"ಕೈಯಲ್ಲಿ ಎಂತ ಇತ್ತು?"

"ಚೂರಿಯ ದಾರ ಸುತ್ಕಂಡಿತ್ತು. ಚೂರಿ ಇರಲಿಲ್ಲ."

ಅವಳು ತಲೆಯಾಡಿಸಿದಳು. ತೆರೆಯೊಂದು ಅವರ ಕಾಲಿನ ಹತ್ತಿರ ಬಂದು ಹಿಂದೆ ಸರಿಯಿತು.

"ಇಳಿವಾಗ ಹೆದ್ರಿದ್ನಾ?"

"ಇಲ್ಲ ಮಾವಶಿ. ನಗಾಡ್ತಾ ಇಳ್ದ."

"ಎಂತಾದ್ರೂ ಹೇಳ್ದನಾ?"

ಕಿಶೋರ ಕಡಲಿನ ಕಡೆ ತಿರುಗಿದ. ಈ ಮಾತನ್ನು ಅವನು ಪೊಲೀಸರಿಗೆ ಹೇಳಿರಲಿಲ್ಲ, ಯಜಮಾನನಿಗೆ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. "ಚಾಕ್ಕೆ ನೀರಿಡಿ ದಾದಾ, ಬಂದು ಕುಡೀತೆ ಅಂದ."

"ಇಟ್ಟಿದ್ಯಾ?"

"ಇಟ್ಟಿದ್ದೆ. ಸ್ಟೋವ್ ಉರೀತಿತ್ತು."

ಬೊಮ್ಮು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟಳು. ಅಳುತ್ತಾಳೆ ಎಂದುಕೊಂಡ ಕಿಶೋರ. ಅವಳು ಅಳಲಿಲ್ಲ. ಅಳತೊಡಗಿದವನು ಅವನು. ನಿಂತಲ್ಲೇ, ಮುಖ ಮುಚ್ಚಿಕೊಳ್ಳದೆ, ಸದ್ದಿಲ್ಲದೆ. ಅಷ್ಟು ದೂರದಲ್ಲಿ ಬಲೆ ಬಿಡಿಸುತ್ತಿದ್ದವರು ಒಮ್ಮೆ ನೋಡಿ ಮತ್ತೆ ತಮ್ಮ ಕೆಲಸಕ್ಕೆ ಬಗ್ಗಿದರು.

ಅವನ ಅಳು ನಿಂತ ಮೇಲೆ ಬೊಮ್ಮು ಹೇಳಿದಳು, "ಬಂದವ್ರೆಲ್ಲ ನಂಗೆ ಸಮಾಧಾನ ಹೇಳ್ದ್ರು. ದೇವ್ರು ಹಾಗೆ ಬರ್ದಿದ್ದ ಅಂದ್ರು. ಅಂದು ಎಂತ ಆಯ್ತು ಅಂತ ಯಾರೂ ಹೇಳಲಿಲ್ಲ. ಹೇಳೂಕೆ ಅವ್ರಿಗೆ ಗೊತ್ತಿರಲಿಲ್ಲ. ನಿಂಗೆ ಗೊತ್ತಿತ್ತು. ನೀ ಬರ್ತಿ ಅಂತ ನಾ ಬಾಗ್ಲು ತೆಕ್ಕಂಡು ಕೂತಿದ್ದೆ. ನೀ ದಂಡೆ ಮೇಲಿಂದ ಸುತ್ತಿ ಹೋಗ್ತಿದ್ದೆ."

"ನಿಮ್ಮ ಮುಖ ನೋಡೂಕೆ ಆಗಲಿಲ್ಲ."

"ನನ್ನ ಮುಖ ನೋಡೂದು ಬೇಡಿತ್ತು. ಬಂದು ಕೂತಿದ್ರೆ ಸಾಕಿತ್ತು."

ಬೊಮ್ಮು ಚೀಲದಿಂದ ಒಂದು ತೆಂಗಿನಕಾಯಿ, ಸ್ವಲ್ಪ ಅಬ್ಬಲಿಗೆ ಹೂವು ತೆಗೆದು, ಏಳಲು ಅವನ ಕೈ ಹಿಡಿದಳು. ಕಾಯಿಯನ್ನು ಅವನ ಕೈಗೆ ಕೊಟ್ಟು ಒಡೆ ಎಂದಳು. ಅವನು ಆ ಬಂಡೆಯ ಮೇಲೆ ಒಡೆದ. ನೀರು ಮರಳಿಗೆ ಹೋಯಿತು. ಹೂವನ್ನು ಅವಳು ತೆರೆಗೆ ಬಿಟ್ಟಳು.

ಮರಳಿ ಬರುವಾಗ ಬೊಮ್ಮು ತನ್ನ ಬಾಗಿಲ ಮುಂದೆ ಇಳಿದು, ತಿರುಗಿ ನೋಡದೆ ಒಳಗೆ ಹೋದಳು. ಅಂದಿನಿಂದ ಕಿಶೋರ ಪೇಟೆಗೆ ಆ ದಾರಿಯಲ್ಲೇ ಹೋಗತೊಡಗಿದ. ಒಮ್ಮೊಮ್ಮೆ ಅವಳು ಮಾತಾಡಿಸುತ್ತಿದ್ದಳು, ಒಮ್ಮೊಮ್ಮೆ ಇಲ್ಲ. ಮಾತಾಡಿಸದ ದಿನವೂ ಅವನು ಜಗಲಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದ. ಅವಳು ಬಲೆಯ ಕೆಲಸ ಮಾಡುತ್ತಿರುತ್ತಿದ್ದಳು. ಸತೀಶನ ವಿಷಯ ಬಂದರೆ ಬರುತ್ತಿತ್ತು. ಅವನು ಬೋಟಿನಲ್ಲಿ ಏನು ಅಡುಗೆ ಮಾಡುತ್ತಿದ್ದ, ಯಾರ ಹತ್ತಿರ ಜಗಳ ಆಡಿದ್ದ, ಯಾವ ಹುಡುಗಿಯ ಹೆಸರು ಹೇಳಿಕೊಂಡು ನಗುತ್ತಿದ್ದ, ತಾಯಿಗೆ ಗೊತ್ತಿರದ ಇಂಥ ಸಂಗತಿಗಳೆಲ್ಲ ಕಿಶೋರನ ಬಳಿ ಇದ್ದವು. ಒಂದೊಂದಾಗಿ ಹೇಳಿದ.

ಕಡಲಿಗೆ ಅವನು ಮತ್ತೆ ಹೋಗಲಿಲ್ಲ. ಆಗಸ್ಟಿನಲ್ಲಿ ಬೋಟುಗಳು ಹೊರಡುವ ಮೊದಲು ಬೈತಖೋಲಕ್ಕೆ ಹೋಗಿ ಇಂಜಿನ್ ಬಿಚ್ಚಿ ಕಟ್ಟಿಕೊಡುತ್ತಾನೆ. ಬೋಟು ಹೊರಟಾಗ ಧಕ್ಕೆಯ ಕಟ್ಟೆಯ ಮೇಲೆ ಇಳಿದುಬಿಡುತ್ತಾನೆ. ಯಾಕೆ ಎಂದು ಕೇಳಿದವರಿಗೆ ಕಿವಿ ಸರಿಯಿಲ್ಲ ಎನ್ನುತ್ತಾನೆ. ಅದು ನಿಜವೂ ಹೌದು.

ಬೊಮ್ಮು ಮುಂದಿನ ಮಳೆಗಾಲಕ್ಕೆ ಮೊದಲು ಸದಾಶಿವಗಡ ಬಿಟ್ಟಳು. ಸಂಧ್ಯಾ ಬಹಳ ದಿನದಿಂದ ಕರೆಯುತ್ತಿದ್ದಳು. ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ವೈಜಯಂತಿಯ ಕೈಗೆ ಕೊಟ್ಟಳು. ಅವಳ ಸಾಮಾನನ್ನು ಡಿಕ್ಕಿಯಲ್ಲಿ, ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಕಿಶೋರನೇ ಬಿಡಲು ಹೋದ. ಅಂಕೋಲೆಯಲ್ಲಿ ಸಂಧ್ಯಾಳ ಮನೆ ಪೇಟೆಯಿಂದ ಒಳಗೆ, ಮಾವಿನ ಮರಗಳ ನಡುವೆ. ಎಲ್ಲ ಇಳಿಸಿದ ಮೇಲೆ ಬೊಮ್ಮು ಕಾರಿನ ಹತ್ತಿರ ಬಂದು, ಕಿಟಕಿಯ ಅಂಚು ಹಿಡಿದು ನಿಂತಳು.

"ದೂರ ಆಯ್ತು ಅಂತ ಮತ್ತೆ ಸುಮ್ಮನಾಗಬೇಡ."

"ಇಲ್ಲ ಮಾವಶಿ. ಬರ್ತೆ."

"ಬರೂಕೆ ಮೊದ್ಲು ಫೋನ್ ಮಾಡು. ಮೀನು ತರೂದು ಬೇಡ, ಇಲ್ಲಿ ಸಿಗ್ತದೆ."

ಅವನು ಹೋಗುತ್ತಾನೆ. ತಿಂಗಳಿಗೊಮ್ಮೆಯಾದರೂ, ಬೇಲೆಕೇರಿಗೆ ಹೆಂಡತಿಯ ತವರಿಗೆ ಹೋಗುವ ನೆಪದಲ್ಲಿ. ವೈಜಯಂತಿಯನ್ನು ತುಳಸಿದಾಸನ ಮನೆಯಲ್ಲಿ ಇಳಿಸಿ ತಾನು ಅಂಕೋಲೆಗೆ ಬರುತ್ತಾನೆ. ಬೊಮ್ಮುವಿಗೆ ಈಗ ಕಣ್ಣು ಮಂಜಾಗಿ ಸೂಜಿಯ ಕೆಲಸ ಆಗುವುದಿಲ್ಲ. ಜಗಲಿಯಲ್ಲಿ ಇಬ್ಬರೂ ಕೂರುತ್ತಾರೆ. ಸಂಧ್ಯಾ ಚಾ ತಂದಿಡುತ್ತಾಳೆ. ಮಾತು ಹೆಚ್ಚಿರುವುದಿಲ್ಲ. ಹೊತ್ತು ಇಳಿಯುವಾಗ ಬೊಮ್ಮುವೇ, "ಏಳು, ಬೇಲೆಕೇರಿಲಿ ಅವ್ಳು ಕಾಯ್ತಾ ಇರ್ತಾಳೆ," ಎನ್ನುತ್ತಾಳೆ.